ಟೈಪಮ್ಮನ ಮಾತು ಕತ್ತರಿಸಿದ ಕೈ

"ಇದು ತಾನಾಗಿ ಕೆಟ್ಟಿದ್ದಲ್ಲಮ್ಮ. ಯಾರೋ ಕೆಡಿಸಿದ್ದಾರೆ."

ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ಹಣೆಗೇರಿಸಿ ಭೂತಗನ್ನಡಿ ಹೀಗೆಂದಾಗ, ಎದುರಿನ ಸ್ಟೂಲಿನಲ್ಲಿ ಕೂತಿದ್ದ ಟೈಪಮ್ಮನ ಮಗಳ ಕೈಯ ಚಹಾದ ಲೋಟ ತುಟಿಯವರೆಗೆ ಹೋಗದೆ ಅರ್ಧದಲ್ಲೇ ನಿಂತಿತು.

ಬೆಂಚಿನ ಮೇಲೆ ಹಳೆಯ ಕೀಬೋರ್ಡು ಬೆನ್ನು ಕಳಚಿಕೊಂಡು ಮಕಾಡೆ ಮಲಗಿತ್ತು. ಚಪ್ಪಡಿ ಕಲ್ಲಿನಷ್ಟು ಭಾರದ್ದು. ಒಂದು ಕಾಲಕ್ಕೆ ಬಿಳಿಯಾಗಿದ್ದ ಮೈ ಈಗ ಮುದುಕರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು.

ಭೂತಗನ್ನಡಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಪೊಲೀಸ್ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕಳ್ಳಸಹಿಗಳನ್ನೂ ಒಡೆದ ಬೀಗಗಳನ್ನೂ ನೋಡಿ ನಿವೃತ್ತಳಾದವಳು, ಈಗ ಹಳೆಯ ಯಂತ್ರಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಳು. ಬಿಟ್ಟೆನೆಂದರೂ ಬಿಡದ ಹಳೆಯ ಚಾಳಿ. ಕೈಗೆ ಬಂದ ಪ್ರತಿ ಯಂತ್ರವನ್ನೂ ಅವಳು ಸಾಕ್ಷಿಯನ್ನು ನೋಡುವ ಹಾಗೆಯೇ ನೋಡುತ್ತಿದ್ದಳು.

ಈ ಸಾಕ್ಷಿಯಂತೂ ದೊಡ್ಡದೇ. ಟೈಪಮ್ಮನ ಗಂಡ ಬೆಳಗಿನ ವಾಕಿಂಗಿಗೆಂದು ಹೋದವರು ಮನೆಗೆ ಮರಳದೆ ಆಗಲೇ ನಲವತ್ತೊಂದು ದಿನ. ಅವರನ್ನು ಕೊನೆಗೆ ಕಂಡವಳು ಟೈಪಮ್ಮ. ಆಕೆಯ ಮಾತಿದ್ದದ್ದು ಈ ಕೀಬೋರ್ಡಿನಲ್ಲಿ.

ಎರಡು ವರ್ಷದ ಹಿಂದೆ ಹೊಡೆದ ಪಾರ್ಶ್ವವಾಯು ಆಕೆಯ ನಾಲಿಗೆಯನ್ನು ಕಟ್ಟಿಹಾಕಿತ್ತು. ಪೆನ್ನು ಹಿಡಿದರೆ ಬೆರಳಿನಿಂದ ಜಾರುತ್ತಿತ್ತು. ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟರೆ ಮುಟ್ಟಿತೋ ಇಲ್ಲವೋ ಎಂಬುದೇ ಆಕೆಗೆ ತಿಳಿಯುತ್ತಿರಲಿಲ್ಲ. ಈ ಹಳೆಯ ಕೀಬೋರ್ಡಿನ ಪ್ರತಿ ಕೀ ಕೆಳಗೂ ಒಂದು ಸ್ಪ್ರಿಂಗ್ ಇತ್ತು. ಒತ್ತಿದರೆ 'ಟಕ್' ಎಂದು ಬೆರಳನ್ನು ತಿರುಗಿ ಒದೆಯುತ್ತಿತ್ತು. ಜೋಮು ಹಿಡಿದ ಬೆರಳಿಗೂ ಆ ಒದೆತ ತಿಳಿಯುತ್ತಿತ್ತು. ಕೋರ್ಟಿನ ನಕಲು ವಿಭಾಗದಲ್ಲಿ ಆಕೆ ಹತ್ತಾರು ವರ್ಷ ಬಡಿದದ್ದು ಇದನ್ನೇ. ನಿವೃತ್ತಿಯ ವರ್ಷ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವಾಗ, ಅದೇ ಕೋರ್ಟಿನ ರೆಕಾರ್ಡ್ ರೂಮಿನಲ್ಲಿದ್ದ ಆಕೆಯ ಗಂಡ ಅರ್ಜಿ ಬರೆದು ಅಪ್ಪಣೆ ತೆಗೆದುಕೊಂಡು, ಇದನ್ನು ಟವೆಲಿನಲ್ಲಿ ಸುತ್ತಿ ಕೂಸನ್ನು ಎತ್ತಿಕೊಂಡ ಹಾಗೆ ಮನೆಗೆ ತಂದಿದ್ದರು.

"ಕೆಡಿಸಿದ್ದಾರೆ ಅಂದ್ರೆ?" ಮಗಳು ಲೋಟ ಕೆಳಗಿಟ್ಟಳು. "ಮೂರು ಅಂಗಡಿಯವರು ವಯಸ್ಸಾಗಿದೆ, ಬಿಸಾಕಿ ಅಂದ್ರು ಮೇಡಂ."

"ಬೆನ್ನು ತೆಗೆದು ನೋಡಿದ್ರಾ ಅವರು?"

"ಇಲ್ಲ."

"ಮತ್ತೆ? ಮೂಗು ನೋಡಿ ಹೊಟ್ಟೆನೋವಿಗೆ ಮದ್ದು ಕೊಟ್ಟ ಹಾಗಾಯ್ತು. ಇಲ್ಲಿ ಬಾ."

ಮಗಳು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಚಿಕ್ಕ ಅಕ್ಷರ ಓದಿ ಅಭ್ಯಾಸವಾದ ಕಣ್ಣು. ಮಸೂರದಲ್ಲಿ ಬಗ್ಗಿ ನೋಡಿದಳು. ಎರಡು ಬೆರಳಗಲದ ಹಸಿರು ಬೋರ್ಡಿನ ನಡುವೆ ಶತಪದಿಯಂಥ ಕಪ್ಪು ಚಿಪ್. ಒಂದು ಸಾಲಿನ ಏಳು ಕಾಲುಗಳು ಬುಡದಿಂದಲೇ ಇಲ್ಲ.

"ತುಕ್ಕು ತಿಂದಿದ್ರೆ ಹಸಿರು ಪುಡಿ ಇರ್ತಿತ್ತು. ಸುಟ್ಟಿದ್ರೆ ಮಸಿ ಇರ್ತಿತ್ತು. ಇದು ಸಣ್ಣ ಬಾಯಿಯ ಕಟರ್‌ನಿಂದ ಕತ್ತರಿಸಿದ್ದು. ಬೆಸುಗೆ ಹಾಕೋಕೆ ಕೂದಲೆಳೆಯಷ್ಟು ಲೋಹನೂ ಉಳಿಸಿಲ್ಲ. ಕೈ ಪಳಗಿದವರ ಕೆಲಸ."

"ಅಮ್ಮನ ಮೇಲೆ ಅಷ್ಟು ದ್ವೇಷ ಯಾರಿಗೆ?"

"ಅದೇ ನನಗೆ ಅರ್ಥ ಆಗ್ತಿಲ್ಲ ನೋಡು." ಭೂತಗನ್ನಡಿ ಇಕ್ಕಳದ ತುದಿಯಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಬಿಳಿಯ ಕಾಗದ. "ದ್ವೇಷ ಇದ್ದವರು ಒಂದು ಚೊಂಬು ನೀರು ಹುಯ್ದಿದ್ರೆ ಮುಗೀತಿತ್ತು. ಕೀಗಳಿಂದ ಬೋರ್ಡಿಗೆ ಬರೋ ಈ ಎರಡು ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಇದು ಹೋದ್ರೆ ಕೀಬೋರ್ಡೇ ಹೋದ ಹಾಗೆ. ಕತ್ತರಿಸಿದವರು ಅದಕ್ಕೆ ಗೀರು ಬೀಳಬಾರದು ಅಂತ ಈ ಕಾಗದ ಸುತ್ತಿಟ್ಟಿದ್ದಾರೆ. ಗಂಟಲಿಗೆ ಕತ್ತಿ ಹಾಕಿ, ಮೈಗೆ ಶಾಲು ಹೊದಿಸಿದ ಹಾಗೆ."

ಮಗಳು ಕಾಗದವನ್ನೇ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಇಳಿಯಿತು.

"ಇಂಥ ಕಾಗದ ನಿಮ್ಮ ಮನೇಲಿ ಯಾರು ಬಳಸ್ತಾರೆ?"

ಮಗಳು ಕಾಗದವನ್ನು ಬೆರಳಿನಲ್ಲಿ ತಿರುವಿ ನೋಡಿದಳು.

"ಮಾವ," ಎಂದಳು ಕೊನೆಗೆ. "ಅಮ್ಮನ ತಮ್ಮ. ಗಡಿಯಾರ ರಿಪೇರಿ ಮಾಡ್ತಾರೆ, ನಮ್ಮ ಮಹಡಿ ಮೇಲೇ ಇರೋದು. ಬಿಚ್ಚಿದ ಚಕ್ರಗಳನ್ನೆಲ್ಲ ಇಂಥದ್ರಲ್ಲೇ ಸುತ್ತಿಡ್ತಾರೆ." ಆಮೇಲೆ ತಾನೇ ತನ್ನ ಮಾತಿಗೆ ಹೆದರಿದವಳಂತೆ ಸೇರಿಸಿದಳು, "ಅಪ್ಪ ಹೋದ ದಿನ ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದು ಕೇಳಿದಾಗ ಅಮ್ಮ ಒತ್ತಿದ್ಲು, ಒಂದಕ್ಷರಾನೂ ಬರಲಿಲ್ಲ. ರಿಪೇರಿಗೆ ಕೊಡೋಣ ಅಂದ್ರೆ ಮಾವ ಬೇಡ ಅಂದ್ರು. ಸುಮ್ಮನೆ ಓಡಾಟ, ಹೊಸದು ತಂದ್ರಾಯ್ತು ಅಂದ್ರು. ಹೊಸದು ಅಮ್ಮನ ಬೆರಳಿಗೆ ಆಗಲ್ಲ ಅಂತ ಅವರಿಗೆ ಗೊತ್ತು ಮೇಡಂ."

"ಹಂಗಾದ್ರೆ ಇದನ್ನ ಇಲ್ಲಿಗೆ ತಂದಿದ್ದು?"

"ಮಾವನಿಗೆ ಹೇಳದೆ ತಂದೆ. ಸುಮಾರು ದಿನದಿಂದ ಅಮ್ಮ ಹಾಸಿಗೆ ಮೇಲೆ ಬೆರಳು ಆಡಿಸ್ತಾ ಇದ್ದಾಳೆ. ಬರೀ ಹೊದಿಕೆ ಮೇಲೆ ಟೈಪ್ ಮಾಡ್ತಾಳೆ. ಏನು ಅಂತ ಕೇಳಿದ್ರೆ ಕಣ್ಣಲ್ಲಿ ನೀರು."

ಭೂತಗನ್ನಡಿ ಮಸೂರವನ್ನು ಮತ್ತೆ ಕಣ್ಣಿಗೆ ಇಳಿಸಿದಳು. "ಮೊದಲು ಅಮ್ಮನ ಮಾತು ವಾಪಸ್ ಕೊಡೋಣ. ಮಾವನ ವಿಚಾರ ಆಮೇಲೆ."

ಹಳೆಯ ಬೋರ್ಡು ಉಳಿಯುವ ಹಾಗಿರಲಿಲ್ಲ. ಇಂಥ ಕೀಬೋರ್ಡುಗಳ ಹುಚ್ಚಿರುವವನೊಬ್ಬ ದೂರದ ಊರಿನಲ್ಲಿ ಕೂತು ಇವಕ್ಕೆ ಹೊಸ ಕಂಟ್ರೋಲರ್ ಬೋರ್ಡು ಮಾಡಿ ಕಳಿಸುತ್ತಿದ್ದ. ಬೇರೊಂದು ರಿಪೇರಿಗೆಂದು ವಾರದ ಹಿಂದೆ ತರಿಸಿದ್ದೊಂದು ಈಗ ಡಬ್ಬಿಯಲ್ಲಿತ್ತು. ಅವಳು ಹಳೆಯದರ ಎರಡು ತಿರುಪು ಬಿಚ್ಚಿ ಎತ್ತಿದಳು. ಪಟ್ಟಿಗಳ ತುದಿಯನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ, ಮಗುವಿನ ಕಿವಿ ಒರೆಸುವಷ್ಟು ಮೆಲ್ಲಗೆ ಒರೆಸಿದಳು. ಹೊಸ ಬೋರ್ಡನ್ನು ಕೂರಿಸಿ, ಪಟ್ಟಿಗಳನ್ನು ಸೀಳಿನೊಳಗೆ ಇಳಿಸಿ, ತಂತಿಯನ್ನು ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದಳು.

"ಈಗ ಇದಕ್ಕೆ ಅಕ್ಷರಾಭ್ಯಾಸ ಮಾಡಿಸಬೇಕು," ಎಂದಳು. "ಕೀಗಳ ಕೆಳಗೆ ಗೆರೆಗಳಿವೆ. ಹದಿನಾರು ಉದ್ದಕ್ಕೆ, ಎಂಟು ಅಡ್ಡಕ್ಕೆ. ಒಂದು ಕೀ ಒತ್ತಿದ್ರೆ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಮುಟ್ಟುತ್ತೆ. ಯಾವ ಜೋಡಿ ಮುಟ್ಟಿದ್ರೆ ಯಾವ ಅಕ್ಷರ ಅಂತ ಹೊಸ ಬೋರ್ಡಿಗೆ ಗೊತ್ತಿಲ್ಲ. ನೀನು ಒಂದೊಂದೇ ಕೀ ಒತ್ತಿ ಅಕ್ಷರ ಹೇಳು, ನಾನು ಬರ್ಕೊತೀನಿ. ಆದ್ರೆ ಇದರ ಮೇಲೆ ಅಕ್ಷರಾನೇ ಅಳಿಸಿ ಹೋಗಿವೆಯಲ್ಲ."

"ನನಗೆ ಗೊತ್ತು." ಮಗಳು ಕೀಬೋರ್ಡನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಶಾಲೆ ಬಿಟ್ಟ ಮೇಲೆ ಅಮ್ಮನ ಕಚೇರಿಗೇ ಹೋಗ್ತಿದ್ದೆ. ಅವಳ ಮೇಜಿನ ಕೆಳಗೆ ಕೂತು ಹೋಂವರ್ಕ್ ಮಾಡ್ತಿದ್ದೆ."

ಮೊದಲನೆಯ ಕೀ ಒತ್ತಿದಳು. ಟಕ್.

"ಕ."

ಟಕ್. "ತ."

ಟಕ್. "ರ."

ಎರಡು ಸಾಲು ಮುಗಿದು ಮೂರನೆಯದಕ್ಕೆ ಬಂದರೆ, ಆ ಸಾಲು ಸತ್ತು ಬಿದ್ದಿತ್ತು. ಎಷ್ಟು ಒತ್ತಿದರೂ ಪರದೆ ಖಾಲಿ. ಭೂತಗನ್ನಡಿ ಪಟ್ಟಿಯನ್ನು ಹೊರಗೆಳೆದು ನೋಡಿದಳು. ಒಂದು ಮೂಲೆ ಅಕ್ಕಿಕಾಳಿನಷ್ಟು ಓರೆಯಾಗಿ ಕೂತಿತ್ತು. ನೇರ ಮಾಡಿ ಇಳಿಸಿದಳು. ಟಕ್. ಅಕ್ಷರ ಮೂಡಿತು.

"ಅಮ್ಮನಿಗೆ ಮಾತು ನಿಂತ ಮೇಲೆ ಅಪ್ಪ ಪಕ್ಕದಲ್ಲಿ ಕೂತು ಅವಳು ಟೈಪ್ ಮಾಡಿದ್ದನ್ನ ಗಟ್ಟಿಯಾಗಿ ಓದ್ತಿದ್ರು," ಎಂದಳು ಮಗಳು, ಕೀಯಿಂದ ಕಣ್ಣೆತ್ತದೆ. "ಅಮ್ಮನ ಮಾತು ಕಿವಿಗೂ ಬೀಳಲಿ ಅಂತ. 'ನೀವು ಎರಡು ದಿನದಿಂದ ಮುಖಕ್ಷೌರ ಮಾಡಿಕೊಂಡಿರುವುದಿಲ್ಲ' ಅಂತ ಅಮ್ಮ ಟೈಪ್ ಮಾಡಿದ್ರೆ, ಅಪ್ಪ ಅದನ್ನ ಅಮ್ಮನ ಧಾಟಿಯಲ್ಲೇ ಓದಿ ತಮಗೆ ತಾವೇ ಬೈದ್ಕೊಂಡು ಎದ್ದು ಹೋಗ್ತಿದ್ರು."

"ಇರುವುದಿಲ್ಲ? ಇದೇನು ಕೋರ್ಟಿನ ಭಾಷೆ?"

"ಬೆರಳಿಗೆ ಬೇರೆ ಭಾಷೆ ಬರಲ್ಲ ಮೇಡಂ ಅವಳಿಗೆ. ಚಹಾ ಬೇಕಾದ್ರೂ 'ಸಕ್ಕರೆ ಕಡಿಮೆ ಇರತಕ್ಕದ್ದು' ಅಂತಿದ್ಲು."

ಇಬ್ಬರೂ ನಕ್ಕರು. ನಗುತ್ತಲೇ ಮಗಳು ಕಣ್ಣೊರೆಸಿಕೊಂಡು ಮುಂದಿನ ಕೀ ಒತ್ತಿದಳು.

*

ಟೈಪಮ್ಮನ ಮನೆ ಎರಡು ಬೀದಿ ಆಚೆ. ಹಿಂದಿನ ಕೋಣೆಯ ಕಿಟಕಿಯ ಪಕ್ಕದ ಮಂಚದಲ್ಲಿ, ಬೆನ್ನಿಗೆ ಮೂರು ದಿಂಬು ಕೊಟ್ಟು ಆಕೆಯನ್ನು ಕೂರಿಸಿದ್ದರು. ತಲೆ ಬಾಚಿ ಬಿಗಿಯಾಗಿ ಗಂಟು ಹಾಕಿತ್ತು. ಮಂಚದ ಕಾಲಬಳಿ ಕೂತು ಅಕ್ಕನ ಕಾಲಿನ ಉಗುರು ಕತ್ತರಿಸುತ್ತಿದ್ದವನು ಗಡಿಯಾರದ ಮಾವ.

ಮಗಳ ಕೈಯಲ್ಲಿನ ಕೀಬೋರ್ಡು ಕಂಡದ್ದೇ ಅವನ ಕೈ ನಿಂತಿತು.

"ಇದನ್ನೆಲ್ಲಿಗೆ ತಗೊಂಡು ಹೋಗಿದ್ದೆ?"

"ರಿಪೇರಿಗೆ, ಮಾವ."

"ಬೇಡ ಅಂದಿದ್ದೆನಲ್ಲ."

"ಯಾಕೆ ಬೇಡ ಅಂದ್ರಿ ಅನ್ನೋದನ್ನೇ ಕೇಳೋಕೆ ಬಂದ್ವಿ," ಎಂದಳು ಭೂತಗನ್ನಡಿ. ಕಿಸೆಯಿಂದ ಹಳೆಯ ಬೋರ್ಡು ತೆಗೆದು ಅವನ ಮುಂದೆ ಹಿಡಿದಳು. ಅದರ ಜೊತೆಗೆ ಮಡಿಚಿದ ಆ ಬಿಳಿಯ ಕಾಗದ. "ಏಳು ಕಾಲು. ಎಲ್ಲವೂ ಬುಡಕ್ಕೇ, ಒಂದೇ ಓರೆಗೆ. ನಾನೂ ಕೈಕೆಲಸದವಳೇ. ಇಂಥ ಕೆಲಸ ನೋಡಿದ್ರೆ ಮಾಡಿದವರು ಯಾರು ಅಂತ ಕೇಳಬೇಕು ಅನ್ಸುತ್ತೆ."

ಅವನು ಉಗುರುಕತ್ತರಿಯನ್ನು ಮಡಿಚಿ ಪಕ್ಕಕ್ಕಿಟ್ಟ. ಐವತ್ತು ದಾಟಿದ, ಸಣ್ಣ ದೇಹದ ಮನುಷ್ಯ. ಸುಳ್ಳು ಹೇಳಲು ಬಾಯಿ ತೆರೆದವನಂತೆ ಕಂಡ. ಆಮೇಲೆ ಬಾಯಿ ಮುಚ್ಚಿದ.

"ಕತ್ತರಿಸಿದ್ದು ನಾನೇ."

"ಮಾವ!"

"ಹೌದು. ನಾನೇ."

"ಯಾಕೆ?"

"ಅದನ್ನ ಕೇಳಬೇಡ."

"ಅಪ್ಪ ಎಲ್ಲಿದ್ದಾರೆ?"

"ಗೊತ್ತಿಲ್ಲ."

"ಅವರು ಹೋದ ದಿನಾನೇ ಕತ್ತರಿಸಿದ್ರಿ. ಅಮ್ಮನ ಬಾಯಿ ಕಟ್ಟೋಕೆ ಕತ್ತರಿಸಿದ್ರಿ." ಮಗಳ ದನಿ ಏರಲಿಲ್ಲ, ತಗ್ಗಿತು. "ನನ್ನನ್ನ ಹೆಗಲ ಮೇಲೆ ಕೂರಿಸಿ ಸಾಕಿದೋರು ನೀವು. ನಿಮ್ಮನ್ನ ಇದನ್ನ ಕೇಳಬೇಕಾಗಿ ಬಂತಲ್ಲ ನನಗೆ. ಅಪ್ಪನ್ನ ಏನು ಮಾಡಿದ್ರಿ?"

ಅವನು ಹೊದಿಕೆಯ ಮೇಲೆ ಬಿದ್ದಿದ್ದ ಉಗುರಿನ ಚೂರನ್ನು ಆರಿಸಿ ಅಂಗೈಗೆ ಹಾಕಿಕೊಂಡ.

"ನಿಂಗೆ ಹೇಗೆ ತೋಚುತ್ತೋ ಹಾಗೆ ಅಂದ್ಕೋ," ಎಂದ. "ಬೇಕಾದ್ರೆ ಇನ್‌ಸ್ಪೆಕ್ಟರನ್ನ ಕರಿ. ಬಾಯಿ ಮಾತ್ರ ಬಿಡಿಸೋಕೆ ಆಗಲ್ಲ."

ಭೂತಗನ್ನಡಿ ಇವರಿಬ್ಬರನ್ನೂ ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಟೈಪಮ್ಮನನ್ನು. ಆಕೆಯ ಎಡಗೈ ಹೊದಿಕೆಯ ಮೇಲೆ ತೆವಳಿ ತೆವಳಿ ತಮ್ಮನ ಕಡೆಗೆ ಹೋಗುತ್ತಿತ್ತು. ಅವನ ಮೊಣಕೈ ಮುಟ್ಟಿತು. ಅಲ್ಲೇ ನಿಂತು, ಎರಡು ಸಲ ತಟ್ಟಿತು.

"ಕೀಬೋರ್ಡು ಇಡಮ್ಮ ಅವರ ಮುಂದೆ," ಎಂದಳು ಭೂತಗನ್ನಡಿ. "ಬಾಯಿ ಇರೋರು ಹೇಳಲ್ಲ ಅಂದ್ರೆ, ಇಲ್ಲದೋರನ್ನ ಕೇಳೋಣ."

ಮಂಚಕ್ಕೆ ಅಡ್ಡಲಾಗಿ ಹಲಗೆ ಇಟ್ಟು, ಅದರ ಮೇಲೆ ಕೀಬೋರ್ಡು ಇಟ್ಟು, ಪಕ್ಕದ ಮೇಜಿನ ಹಳೆಯ ಕಂಪ್ಯೂಟರಿಗೆ ತಂತಿ ಸಿಕ್ಕಿಸಿದರು. ಮಗಳು ಅಮ್ಮನ ತೋರುಬೆರಳನ್ನು ಹಿಡಿದು ನಡುವಿನ ಸಾಲಿನ ಮೇಲಿಟ್ಟಳು.

ಟಕ್.

ಆ ಒಂದು ಶಬ್ದಕ್ಕೆ ಟೈಪಮ್ಮ ಕಣ್ಣು ಮುಚ್ಚಿಕೊಂಡಳು. ತುಟಿಯ ಒಂದೇ ಕಡೆ ನಗು ಮೂಡಿತು. ಆಮೇಲೆ ಬೆರಳು ಮೆಲ್ಲಗೆ, ಹಾದಿ ನೆನಪಿರುವ ಹಸು ಹಟ್ಟಿಗೆ ನಡೆದ ಹಾಗೆ, ಕೀಯಿಂದ ಕೀಗೆ ನಡೆಯಿತು. ಪರದೆಯ ಮೇಲೆ ಮೂಡಿದ್ದನ್ನು ಮಗಳು ಅಪ್ಪ ಓದುತ್ತಿದ್ದಂತೆಯೇ ಗಟ್ಟಿಯಾಗಿ ಓದಿದಳು.

"'ನನ್ನ ತಮ್ಮನ ಮೇಲೆ ತಪ್ಪು ಹೊರಿಸತಕ್ಕದ್ದಲ್ಲ. ಕತ್ತರಿಸಲು ಹೇಳಿದವಳು ನಾನು.'"

ಮಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅವನ ಬೆನ್ನು ಅಲುಗುತ್ತಿತ್ತು.

"ನಿನ್ನ ಮಾತನ್ನ ನೀನೇ ಯಾಕಮ್ಮ..." ಮಗಳು ಪರದೆಯಿಂದ ಅಮ್ಮನ ಮುಖದ ಕಡೆಗೆ ತಿರುಗಿದಳು.

ಬೆರಳು ನಿಲ್ಲಲಿಲ್ಲ. ನಡುನಡುವೆ ದಣಿದು ಹಲಗೆಯ ಮೇಲೆ ಬೀಳುತ್ತಿತ್ತು. ಮಗಳು ಉಜ್ಜಿ ಬಿಸಿ ಮಾಡಿ ಮತ್ತೆ ಎತ್ತಿಡುತ್ತಿದ್ದಳು. ಹೇಳಿಕೆ ಪೂರ್ತಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು.

ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಬಡಗಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಹೆಂಡತಿಯನ್ನು ಕೊಂದು ನದಿಗೆ ಹಾಕಿದನೆಂದು. ಹೆಣ ಸಿಕ್ಕಿರಲಿಲ್ಲ, ಸಿಕ್ಕಿದ್ದು ದಡದಲ್ಲಿ ಅವಳ ಚಪ್ಪಲಿ, ಬಡಗಿಯ ಅಂಗಿಯ ಮೇಲೆ ರಕ್ತ. ಆ ತೀರ್ಪಿನ ನಕಲು ಟೈಪ್ ಮಾಡಿದವಳು ಟೈಪಮ್ಮ. ಕಡತವನ್ನು ಕಟ್ಟಿ ಕಪಾಟಿಗೇರಿಸಿದವರು ಆಕೆಯ ಗಂಡ. ನಾನು ಕೊಂದಿಲ್ಲ ಎಂದು ಬಡಗಿ ಕಟಕಟೆಯಲ್ಲಿ ಅತ್ತದ್ದು ಆ ದಂಪತಿಗೆ ಮರೆತಿರಲಿಲ್ಲ. ಊಟಕ್ಕೆ ಕೂತಾಗ ಎಷ್ಟೋ ಸಲ ಆ ಮಾತು ಬಂದು, ಇಬ್ಬರೂ ಸುಮ್ಮನಾಗುತ್ತಿದ್ದರು.

"'ಈಚೆಗೆ ನಿನ್ನ ತಂದೆಗೆ ಆ ಬಡಗಿ ನಿರಪರಾಧಿಯೆಂದು ತೋರಿಸಬಲ್ಲ ಸುಳಿವು ದೊರೆಯಿತು,'" ಮಗಳು ಓದಿದಳು. "'ಏನೆಂದು ನನಗೆ ಹೇಳಲಿಲ್ಲ. ಸಾಕ್ಷಿಯೊಂದಿಗೆ ಜೈಲಿಗೆ ಹೋಗಿ ಬಡಗಿಯನ್ನು ಕಂಡು ಬರುತ್ತೇನೆ, ಹತ್ತು ದಿನ ಯಾರಿಗೂ ತಿಳಿಯಕೂಡದು, ಪೊಲೀಸರಿಗಂತೂ ಕೂಡದು ಎಂದರು. ನಾನು ಒಪ್ಪಿದೆನು.'"

"ಹೇಳದೆ ಇದ್ರೆ ಸಾಕಿತ್ತಲ್ಲ ಅಕ್ಕ," ಎಂದ ಮಾವ, ಗೋಡೆಯ ಕಡೆಯಿಂದಲೇ. "ಕತ್ತರಿಸೋದು ಯಾಕೆ ಅಂತ ಅವತ್ತು ಎಷ್ಟು ಕೇಳಿದೆ. ಯಾರಿಗೂ ಹೇಳಬಾರದು, ರಿಪೇರಿನೂ ಮಾಡಿಸಬಾರದು ಅಂತ ಆಣೆ ಹಾಕಿಸಿದ್ಯಲ್ಲ."

ಟಕ್. ಟಕ್.

"'ನನ್ನ ಬೆರಳಿಗೆ ಸುಳ್ಳು ಟೈಪ್ ಮಾಡಿ ಅಭ್ಯಾಸವಿಲ್ಲ. ಇನ್‌ಸ್ಪೆಕ್ಟರನಿಗಾದರೆ ಸುಮ್ಮನಿರುತ್ತಿದ್ದೆನು. ಮಗಳು ಅಳುತ್ತಾ ಅಪ್ಪ ಎಲ್ಲಿ ಎಂದು ಕೇಳಿದರೆ...'" ಓದುತ್ತಿದ್ದವಳ ದನಿ ಅಲ್ಲಿಗೆ ಒಡೆಯಿತು. ಕೊನೆಯ ಸಾಲನ್ನು ಭೂತಗನ್ನಡಿ ಓದಬೇಕಾಯಿತು. "'...ಸುಮ್ಮನಿರುವ ಶಕ್ತಿ ನನಗಿರಲಿಲ್ಲ.'"

ಮಗಳು ಅಮ್ಮನ ಭುಜಕ್ಕೆ ಹಣೆ ಒತ್ತಿಕೊಂಡಳು. ಟೈಪಮ್ಮನ ಕೆನ್ನೆ ಅವಳ ತಲೆಯ ಮೇಲೆ ವಾಲಿತು. ಮಾವ ಬಂದು ಅಕ್ಕನ ಪಾದದ ಮೇಲೆ ಹೊದಿಕೆ ಸರಿಮಾಡಿದ. ಸರಿಯಾಗಿಯೇ ಇದ್ದದ್ದನ್ನು ಮತ್ತೊಮ್ಮೆ ಸರಿಮಾಡಿದ.

"ಹತ್ತು ದಿನ ಅಂದಿದ್ರು," ಎಂದಳು ಭೂತಗನ್ನಡಿ ಮೆಲ್ಲಗೆ. "ಹನ್ನೊಂದನೇ ದಿನದಿಂದ ನೀವು ಹೊದಿಕೆ ಮೇಲೆ ಟೈಪ್ ಮಾಡೋಕೆ ಶುರು ಮಾಡಿದ್ರಿ. ಹೌದಾ?"

ಟೈಪಮ್ಮ ರೆಪ್ಪೆ ಮುಚ್ಚಿ ತೆರೆದಳು. ಬೆರಳು ಒಂದೇ ಪದ ಒತ್ತಿತು.

'ಹುಡುಕಿ.'

ಜೈಲಿನ ಕಚೇರಿಯಲ್ಲಿ ಭೂತಗನ್ನಡಿಗೆ ಪರಿಚಯದ ಹಳೆಯ ಗುಮಾಸ್ತನೊಬ್ಬನಿದ್ದ. ಫೋನನ್ನು ಹಲಗೆಯ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಸಂದರ್ಶಕರ ರಿಜಿಸ್ಟರ್ ನೋಡಿ ಹೇಳಲು ಅವನಿಗೆ ಹತ್ತು ನಿಮಿಷ ಬೇಕಾಯಿತು.

"ಬಂದಿದ್ದಾರೆ ಮೇಡಂ. ಮೂವತ್ತೆಂಟು ದಿನದ ಹಿಂದೆ. ಸಾಯಂಕಾಲ ನಾಲ್ಕೂ ಮುಕ್ಕಾಲು. ಭೇಟಿ ಸಮಯ ಮುಗಿದಿತ್ತು, ನಾಳೆ ಬೆಳಿಗ್ಗೆ ಬನ್ನಿ ಅಂತ ಗೇಟಿನವನು ಬರ್ಕೊಂಡು ಕಳಿಸಿದ್ದಾನೆ."

"ಮಾರನೇ ದಿನ?"

"ಬಂದಿಲ್ಲ. ಆಮೇಲೂ ಬಂದಿಲ್ಲ."

ಮಾವ ಮಂಚದ ಕಾಲು ಹಿಡಿದುಕೊಂಡ. ಟೈಪಮ್ಮನ ಬೆರಳು ಅವಸರದಿಂದ ಓಡಾಡಿತು. ಮಗಳು ಪರದೆ ನೋಡಿ ಫೋನಿನ ಕಡೆ ಬಗ್ಗಿದಳು. "ಅವರು ಹೇಗಿದ್ರು, ಕೆಮ್ಮುತ್ತಾ ಇದ್ರಾ ಅಂತ ಅಮ್ಮ ಕೇಳ್ತಿದ್ದಾಳೆ."

"ಅದೆಲ್ಲ ಇದರಲ್ಲಿ ಬರೆದಿರಲ್ಲ ತಾಯಿ," ಎಂದ ಗುಮಾಸ್ತ, ದನಿ ಮೆತ್ತಗೆ ಮಾಡಿ. "ಆದ್ರೆ ಒಬ್ಬರೇ ಬಂದಿರಲಿಲ್ಲ. ಜೊತೆಗೆ ಒಬ್ಬ ಹೆಂಗಸು ಇದ್ದಾಳೆ. ಓದ್ತೀನಿ ಇರಿ. ನಿಮ್ಮ ತಂದೆಯ ಹೆಸರು, ಕೈದಿಗೆ ಸಂಬಂಧ: ಪರಿಚಿತರು. ಆಮೇಲೆ ಆ ಹೆಂಗಸು, ಕೈದಿಗೆ ಸಂಬಂಧ..."

ಫೋನಿನಲ್ಲಿ ಹಾಳೆ ಸರಿಸಿದ ಸದ್ದು ಕೇಳಿಸಿತು.

"ಏನಂತ ಬರೆದಿದೆ?" ಎಂದಳು ಭೂತಗನ್ನಡಿ.

"ಮೇಡಂ, ಈ ಬಡಗಿ ಒಳಗಿರೋದು ಹೆಂಡತೀನ ಕೊಂದಿದ್ದಕ್ಕಲ್ಲವಾ?"

"ಹೌದು. ಏನಂತ ಬರೆದಿದೆ?"

"ಹೆಂಡತಿ ಅಂತ," ಎಂದ ಗುಮಾಸ್ತ. "ಸಹಿನೂ ಇದೆ."